ಚೆಸ್ ಎಂಜಿನ್‌ಗೆ ಶೋಧ ವಿಸ್ತರಣೆ ಕಲಿಸುವುದು ಹೇಗೆ?

ಸ್ವಂತ ಚೆಸ್ ಪ್ರೋಗ್ರಾಂ ಬರೆಯುವವರಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಎರಡು ಪದೇ ಪದೇ ಮರಳುತ್ತವೆ. ಮೊದಲನೆಯದು: ‘ಆರು ಪ್ಲೈ ನೋಡುವ ನನ್ನ ಎಂಜಿನ್‌ಗೆ ಕಣ್ಣೆದುರಿನ ನಾಲ್ಕು ನಡೆಯ ಮೇಟ್ ಏಕೆ ಕಾಣುವುದಿಲ್ಲ?’ ಎರಡು ವಾರ ಕಳೆದ ಮೇಲೆ ಅದೇ ವ್ಯಕ್ತಿಯಿಂದ ಎರಡನೆಯದು: ‘ಚೆಕ್ ವಿಸ್ತರಣೆ ಸೇರಿಸಿದೆ. ಈಗ ಎಂಜಿನ್ ಐದನೆಯ ಆಳದಲ್ಲೇ ಕೂತುಬಿಟ್ಟಿದೆ, ಏನು ಮಾಡಲಿ?’ ಎರಡಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಒಂದರ ಮದ್ದೇ ಇನ್ನೊಂದರ ರೋಗ ಆಗಿರುವುದರಿಂದ ಇವನ್ನು ಬೇರೆ ಬೇರೆಯಾಗಿ ವಿವರಿಸಿ ಪ್ರಯೋಜನವಿಲ್ಲ.

ಮೊದಲು ನಾಲ್ಕು ಪದಗಳು. ಪ್ಲೈ ಎಂದರೆ ಒಂದು ಪಕ್ಷದ ಒಂದು ನಡೆ. ಬಿಳಿ ಒಮ್ಮೆ, ಕಪ್ಪು ಒಮ್ಮೆ ಆಡಿದರೆ ಎರಡು ಪ್ಲೈ. ಆಳ ಎಂದರೆ ಎಷ್ಟು ಪ್ಲೈ ಮುಂದಕ್ಕೆ ನೋಡಬೇಕೆಂದು ನಾವು ಎಂಜಿನ್‌ಗೆ ಕೊಟ್ಟ ಬಜೆಟ್. ನೋಡ್ ಎಂದರೆ ಶೋಧದ ಮರದಲ್ಲಿ ಸಿಗುವ ಒಂದೊಂದು ಸ್ಥಿತಿ. ವಿಸ್ತರಣೆ ಎಂದರೆ, ಯಾವುದೋ ಒಂದು ಕೊಂಬೆಯಲ್ಲಿ ಪರಿಸ್ಥಿತಿ ಬಿಸಿಯಾಗಿದೆ ಎನಿಸಿದಾಗ ಆ ಕೊಂಬೆಗೆ ಮಾತ್ರ ಇನ್ನೊಂದು ಪ್ಲೈ ಬಜೆಟ್ ಹೆಚ್ಚಿಸುವುದು. ಕಾಯಿಗಳ ಹೆಸರು ನಮ್ಮ ಮನೆಗಳ ರೂಢಿಯದೇ: ಮೂಲೆಯಲ್ಲಿ ಆನೆ, ಅದರ ಪಕ್ಕ ಕುದುರೆ, ಕರ್ಣದಲ್ಲಿ ಓಡುವುದು ಒಂಟೆ. ರಾಣಿ ಎನ್ನುವವರು ನಾನು ಮಂತ್ರಿ ಎಂದಲ್ಲೆಲ್ಲ ರಾಣಿ ಎಂದೇ ಓದಿಕೊಳ್ಳಿ.

ಇಡೀ ಲೇಖನದಲ್ಲಿ ನೆನಪಿಡಬೇಕಾದ ಸಂಗತಿ ಒಂದೇ. ವಿಸ್ತರಣೆ ಪುಕ್ಕಟೆ ಸಿಗುವುದಿಲ್ಲ. ಒಂದು ಕೊಂಬೆಗೆ ಕೊಟ್ಟ ಹೆಚ್ಚುವರಿ ಆಳ ಉಳಿದೆಲ್ಲ ಕೊಂಬೆಗಳಿಂದ ತಂದ ಸಾಲ, ಅದನ್ನು ತೀರಿಸುವುದು ಗಡಿಯಾರದ ಲೆಕ್ಕದಲ್ಲಿ.

ಏನೇನು ಬೇಕು

ಆಲ್ಫಾ-ಬೀಟಾ ಶೋಧ (ಫಲಿತಾಂಶ ಬದಲಿಸಲಾರದ ಕೊಂಬೆಗಳನ್ನು ನೋಡದೆ ಬಿಡುವ ವಿಧಾನ) ಸರಿಯಾಗಿ ಓಡುತ್ತಿರುವ ಎಂಜಿನ್, ಹಂತಹಂತವಾಗಿ ಆಳ ಹೆಚ್ಚಿಸುವ ವ್ಯವಸ್ಥೆ, ಒಮ್ಮೆ ನೋಡಿದ ಸ್ಥಿತಿಯ ಫಲಿತಾಂಶವನ್ನು ನೆನಪಿಡುವ ಟ್ರಾನ್ಸ್‌ಪೊಸಿಷನ್ ಟೇಬಲ್, ಸ್ಥಿತಿ ಮರುಕಳಿಸಿದರೆ ಗುರುತಿಸುವ ಕೋಡ್, ಮತ್ತು ಯುಸಿಐ ಬೆಂಬಲ. ಯುಸಿಐ ಎಂದರೆ ಎಂಜಿನ್ ಮತ್ತು ಬೋರ್ಡ್ ತೋರಿಸುವ ಪ್ರೋಗ್ರಾಂ ಪರಸ್ಪರ ಮಾತನಾಡುವ ಭಾಷೆ. 2000ದಲ್ಲಿ ಬಂದದ್ದು, ಈಗ ಎಲ್ಲ ಕಡೆ ಅದೇ. ಅದರಲ್ಲಿ ಎಂಜಿನ್ ಎರಡು ಆಳಗಳನ್ನು ವರದಿ ಮಾಡಬಹುದು: ನೀವು ಕೊಟ್ಟ ಆಳ ಒಂದು, ಅತಿ ಉದ್ದದ ಕೊಂಬೆ ನಿಜವಾಗಿ ಮುಟ್ಟಿದ ಆಳ ಇನ್ನೊಂದು. ಎರಡನೆಯದಕ್ಕೆ ಸೆಲ್‌ಡೆಪ್ತ್ ಎನ್ನುತ್ತಾರೆ. ಅದನ್ನು ಇನ್ನೂ ವರದಿ ಮಾಡುತ್ತಿಲ್ಲವಾದರೆ ಇವತ್ತೇ ಸೇರಿಸಿ. ಮುಂದಿನ ಕೆಲಸಕ್ಕೆಲ್ಲ ಅದೇ ಜ್ವರದ ಥರ್ಮಾಮೀಟರ್.

ಹಂತ 1: ನಡೆಗಳ ಎಣಿಕೆ ಸರಿ ಇದೆಯೇ?

ವಿಸ್ತರಣೆ ಕೆಲಸ ಮಾಡುತ್ತಿಲ್ಲ ಎಂದು ಬಂದ ಕೋಡ್‌ಗಳಲ್ಲಿ ಬಹಳಷ್ಟರ ನಿಜವಾದ ತೊಂದರೆ ನಡೆ ಹುಟ್ಟಿಸುವ ಭಾಗದಲ್ಲೇ ಇತ್ತು. ಪರ್ಫ್ಟ್ ಎಂಬ ಪರೀಕ್ಷೆ ಓಡಿಸಿ; ಅಂದರೆ ಇಂತಿಷ್ಟು ಆಳಕ್ಕೆ ಒಟ್ಟು ಎಷ್ಟು ನಡೆಸಾಲುಗಳಿವೆ ಎಂದು ಎಣಿಸಿ. ಆಟದ ಆರಂಭಿಕ ಸ್ಥಿತಿಯಿಂದ ಉತ್ತರ 20, 400, 8,902, 1,97,281, 48,65,609 ಎಂದು ಬರಬೇಕು. ಒಂದು ಅಂಕಿ ತಪ್ಪಿದರೂ ಮುಂದಿನ ಹಂತಕ್ಕೆ ಹೋಗಬೇಡಿ. ಚೆಕ್‌ನಿಂದ ತಪ್ಪಿಸಿಕೊಳ್ಳುವ ನಡೆಗಳಲ್ಲಿ ಒಂದು ಬಿಟ್ಟುಹೋಗಿದ್ದರೆ, ಚೆಕ್ ವಿಸ್ತರಣೆ ಆ ತಪ್ಪನ್ನೇ ಹುಡುಕಿಕೊಂಡು ಹೋಗಿ ಇಲ್ಲದ ಮೇಟನ್ನು ಸಂಭ್ರಮದಿಂದ ಘೋಷಿಸುತ್ತದೆ.

ಹಂತ 2: ರೋಗವನ್ನು ಕಣ್ಣಾರೆ ನೋಡಿ

ಚೆಸ್‌ನಲ್ಲಿ ಒಂದು ಸ್ಥಿತಿಗೆ ಸರಾಸರಿ 35ರಷ್ಟು ನಡೆಗಳಿರುತ್ತವೆ ಎನ್ನುವುದು ಎಲ್ಲರೂ ಬಳಸುವ ಅಂದಾಜು. ಆರು ಪ್ಲೈಗೆ 35ನ್ನು ಆರು ಬಾರಿ ಗುಣಿಸಿದರೆ 183 ಕೋಟಿ ದಾಟುತ್ತದೆ. ಆಲ್ಫಾ-ಬೀಟಾ ಇದನ್ನು ಬಹಳ ತಗ್ಗಿಸುತ್ತದೆ, ಆದರೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ನಿಂತ ಜಾಗದ ಆಚೆ ಏನಿದೆ ಎಂದು ಎಂಜಿನ್‌ಗೆ ಗೊತ್ತಿಲ್ಲ. ಕಡಲತೀರದಲ್ಲಿ ನಿಂತವನಿಗೆ ದಿಗಂತದಾಚೆಯ ದೋಣಿ ಕಾಣದ ಹಾಗೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹ್ಯಾನ್ಸ್ ಬರ್ಲಿನರ್ 1973ರಲ್ಲಿ ಇದನ್ನು ದಿಗಂತ ಪರಿಣಾಮ ಎಂದು ಕರೆದರು. ಅಂಚೆಯ ಮೂಲಕ ಆಡುವ ಚೆಸ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು ಅವರು. ನಿಧಾನವಾಗಿ, ಬಹಳ ದೂರ ಲೆಕ್ಕ ಹಾಕುವವರಿಗೆ ಈ ದೋಷ ಮೊದಲು ಕಣ್ಣಿಗೆ ಬಿದ್ದದ್ದು ಸಹಜವೇ.

ಒಂದು ಪ್ರಸಿದ್ಧ ಆಟ ತೆಗೆದುಕೊಳ್ಳಿ. 1972ರ ವಿಶ್ವ ಚಾಂಪಿಯನ್‌ಷಿಪ್, ರೇಕ್ಯಾವಿಕ್, ಮೊದಲನೆಯ ಆಟ. 29ನೆಯ ನಡೆಯಲ್ಲಿ ಕಪ್ಪು ಕಾಯಿಗಳ ಬಾಬಿ ಫಿಷರ್ ಒಂಟೆಯಿಂದ ಎಚ್2 ಮನೆಯ ಕಾಲಾಳನ್ನು ಹೊಡೆದರು. ಬೋರಿಸ್ ಸ್ಪಾಸ್ಕಿ ಜಿ3ಗೆ ಕಾಲಾಳು ತಳ್ಳಿ ಒಂಟೆಯ ಹಿಂದಿರುಗುವ ದಾರಿಯನ್ನು ಮುಚ್ಚಿದರು. ಆಮೇಲೆ ಬಿಳಿ ರಾಜ ನಿಧಾನವಾಗಿ ನಡೆದು ಬಂದ. 35ನೆಯ ನಡೆಯಲ್ಲಿ ಒಂಟೆ ಬಿತ್ತು. ಕಪ್ಪಿಗೆ ದಕ್ಕಿದ್ದು ಒಂಟೆಯ ಬದಲಿಗೆ ಎರಡು ಕಾಲಾಳು, ಕೊನೆಗೆ ಸೋಲು.

ಎಚ್2 ಹೊಡೆದ ಕ್ಷಣದಿಂದ ಒಂಟೆ ಬೀಳುವವರೆಗೆ ಎಣಿಸಿದರೆ 12 ಪ್ಲೈ. ನಾಲ್ಕು ಪ್ಲೈ ನೋಡುವ ಎಂಜಿನ್‌ಗೆ ಅಲ್ಲಿ ಕಾಣುವುದು ಬಿಟ್ಟಿ ಸಿಕ್ಕ ಒಂದು ಕಾಲಾಳು ಮಾತ್ರ. ಎಂಟು ಪ್ಲೈ ನೋಡಿದರೂ ಎಚ್-ಕಾಲಾಳನ್ನು ಮುಂದೆ ತಳ್ಳುವಂಥ ನಡೆಗಳಿಂದ ನಷ್ಟವನ್ನು ದಿಗಂತದಾಚೆಗೆ ನೂಕಿ ‘ಎಲ್ಲ ಸರಿ ಇದೆ’ ಎನ್ನುತ್ತದೆ. ಇಂದಿನ ಎಂಜಿನ್‌ಗಳು 12 ಪ್ಲೈ ದಾಟಲು ಕ್ಷಣ ಸಾಕು, ಹಾಗಾಗಿ ಈ ನಿರ್ದಿಷ್ಟ ಬಲೆ ಅವುಗಳನ್ನು ಹಿಡಿಯುವುದಿಲ್ಲ. ನಿಮ್ಮ ಮೊದಲ ಎಂಜಿನ್ ಮಾತ್ರ ಬೀಳುವ ಸಾಧ್ಯತೆ ಚೆನ್ನಾಗಿದೆ. ಆ ಸ್ಥಿತಿಯನ್ನು ಹಾಕಿ, ಆಳ 4ರಿಂದ ಒಂದೊಂದೇ ಹೆಚ್ಚಿಸುತ್ತ ಅಂಕ ಹೇಗೆ ಬದಲಾಗುತ್ತದೆಂದು ನೋಡಿ.

ಇಲ್ಲೇ ಒಂದು ಎಚ್ಚರಿಕೆ. ಈ ಸಾಲಿನಲ್ಲಿ ಬಲೆ ಬೀಳುವವರೆಗೂ ಚೆಕ್ ಇಲ್ಲ, ಹೊಡೆದಾಟ ಇರುವುದು ತೀರಾ ಕೊನೆಯಲ್ಲಿ. ಆದ್ದರಿಂದ ಮುಂದೆ ಹೇಳುವ ಯಾವ ವಿಸ್ತರಣೆಯೂ ಇದನ್ನು ನೇರವಾಗಿ ಗುಣಪಡಿಸುವುದಿಲ್ಲ. ನಿಧಾನದ ಬಲೆಗೆ ಮದ್ದು ಹೆಚ್ಚಿನ ಆಳ, ಇಲ್ಲವೇ ಮೌಲ್ಯಮಾಪನದಲ್ಲಿ, ಅಂದರೆ ಸ್ಥಿತಿಗೆ ಅಂಕ ಹಾಕುವ ಕೋಡ್‌ನಲ್ಲಿ, ಸಿಕ್ಕಿಬಿದ್ದ ಒಂಟೆಗೆ ಅಂಕ ಕಡಿತ. ಹಳೆಯ ಎಂಜಿನ್‌ಗಳಲ್ಲಿ ಎ7, ಎಚ್7ರಲ್ಲಿ ಸಿಕ್ಕಿಕೊಂಡ ಬಿಳಿ ಒಂಟೆಗೆಂದೇ ಸಾಲುಗಟ್ಟಲೆ ಕೋಡ್ ಇರುತ್ತಿತ್ತು. ವಿಸ್ತರಣೆಗಳ ಕಾರ್ಯಕ್ಷೇತ್ರ ಬೇರೆ: ಎದುರಾಳಿಗೆ ಆಯ್ಕೆಯೇ ಇಲ್ಲದ ಹಾಗೆ ಒಂದರ ಹಿಂದೆ ಒಂದು ಒತ್ತಾಯದ ನಡೆಗಳು ಬರುವ ಸ್ಥಿತಿಗಳು.

ಹಂತ 3: ಕ್ವೈಸೆನ್ಸ್ ಶೋಧ

ಬಜೆಟ್ ಮುಗಿದ ಕೂಡಲೇ ಅಂಕ ಹಾಕಬೇಡಿ. ಹೊಡೆದಾಟ ತಣ್ಣಗಾಗುವವರೆಗೆ ಕಾಯಿ ಹೊಡೆಯುವ ನಡೆಗಳನ್ನು ಮಾತ್ರ ಆಡಿ ನೋಡಿ. ಇದೇ ಕ್ವೈಸೆನ್ಸ್ ಶೋಧ. ಶಾಂತವಾದ ಸ್ಥಿತಿಗೆ ಮಾತ್ರ ಮೌಲ್ಯ ಕಟ್ಟಬೇಕೆಂದು ಕ್ಲಾಡ್ ಶ್ಯಾನನ್ 1950ರಲ್ಲೇ ಬರೆದಿದ್ದರು. ನಿಮ್ಮ ಮಂತ್ರಿ ಎದುರಾಳಿಯ ಕುದುರೆಯನ್ನು ಹೊಡೆದ ಕ್ಷಣದಲ್ಲಿ ಲೆಕ್ಕ ನಿಲ್ಲಿಸಿದರೆ ಕುದುರೆ ಲಾಭ ಎನಿಸುತ್ತದೆ. ಮರುಕ್ಷಣವೇ ಕಾಲಾಳೊಂದು ಮಂತ್ರಿಯನ್ನು ಹೊಡೆಯುವುದು ಕಾಣುವುದಿಲ್ಲ.

ಬರೆಯುವ ಕ್ರಮ ಹೀಗೆ. ಮೊದಲು ಈಗಿರುವ ಸ್ಥಿತಿಗೆ ಅಂಕ ಹಾಕಿ. ಯಾರೂ ಹೊಡೆಯಲೇಬೇಕೆಂಬ ನಿಯಮವಿಲ್ಲವಲ್ಲ, ಆದ್ದರಿಂದ ‘ಹೊಡೆಯದೆ ಸುಮ್ಮನಿದ್ದರೂ ಇಷ್ಟಾದರೂ ಸಿಗುತ್ತದೆ’ ಎನ್ನುವ ಕೆಳಮಿತಿ ಅದು. ಅದೇ ಬೀಟಾ (ಎದುರಾಳಿ ಬಿಟ್ಟುಕೊಡುವ ಗರಿಷ್ಠ ಅಂಕ) ದಾಟಿದರೆ ಅಲ್ಲಿಗೇ ಹಿಂದಿರುಗಿ. ಇಲ್ಲವಾದರೆ ಹೊಡೆಯುವ ನಡೆಗಳನ್ನು, ಕಾಲಾಳು ಮಂತ್ರಿಯಾಗುವ ನಡೆಗಳನ್ನು ಆಡಿ. ದೊಡ್ಡ ಬೇಟೆಯನ್ನು ಚಿಕ್ಕ ಕಾಯಿಯಿಂದ ಹೊಡೆಯುವ ನಡೆ ಮೊದಲು ಬರಲಿ.

ಹೊಸಬರು ಬೀಳುವ ಹಳ್ಳಗಳು ಇಲ್ಲಿ ಮೂರು. ರಾಜನಿಗೆ ಚೆಕ್ ಇದ್ದಾಗ ‘ಸುಮ್ಮನಿರುವ’ ಆಯ್ಕೆಯೇ ಇಲ್ಲ. ಆಗ ಕೆಳಮಿತಿಯ ಅಂಕ ಬಳಸದೆ, ತಪ್ಪಿಸಿಕೊಳ್ಳುವ ಎಲ್ಲ ನಡೆಗಳನ್ನೂ ನೋಡಬೇಕು. ಇದನ್ನು ಮರೆತ ಎಂಜಿನ್ ಮೇಟ್ ಆದ ಸ್ಥಿತಿಗೂ ‘ಒಂದು ಕಾಲಾಳು ಮೇಲಿದ್ದೇನೆ’ ಎಂದು ಅಂಕ ಕೊಟ್ಟೀತು. ಎರಡನೆಯದು, ಉತ್ಸಾಹದಲ್ಲಿ ಇಲ್ಲಿಗೆ ಚೆಕ್ ಕೊಡುವ ನಡೆಗಳನ್ನೂ ಸೇರಿಸುವುದು. ಸೇರಿಸಬಹುದು, ಆದರೆ ಕ್ವೈಸೆನ್ಸ್‌ನ ಮೊದಲ ಪ್ಲೈಗೆ ಮಾತ್ರ. ಇಲ್ಲದಿದ್ದರೆ ಚೆಕ್, ಓಟ, ಚೆಕ್, ಓಟ ಎಂದು ಮುಗಿಯುವುದೇ ಇಲ್ಲ. ಮೂರನೆಯದು, ಸ್ಪಷ್ಟ ನಷ್ಟದ ಹೊಡೆತಗಳನ್ನೂ ಶ್ರದ್ಧೆಯಿಂದ ಆಡುತ್ತ ಹೋಗುವುದು. ಒಂದು ಮನೆಯ ಮೇಲೆ ಯಾರು ಯಾರು ಎಷ್ಟು ಸಲ ಹೊಡೆದರೆ ಕೊನೆಗೆ ಯಾರಿಗೆ ಲಾಭ ಎಂದು ನಡೆ ಆಡದೆಯೇ ಕೂಡಿ ಕಳೆದು ಹೇಳುವ ಲೆಕ್ಕಕ್ಕೆ ಎಸ್‌ಇಇ ಎನ್ನುತ್ತಾರೆ. ಅದರಲ್ಲಿ ನಷ್ಟ ಎಂದು ಬಂದ ಹೊಡೆತವನ್ನು ಬಿಟ್ಟುಬಿಡಿ.

ಹಂತ 4: ಚೆಕ್ ವಿಸ್ತರಣೆ

ಈಗ ಮುಖ್ಯ ವಿಷಯ. ನಿಯಮ ಒಂದೇ ಸಾಲಿನದು: ನೋಡ್ ಪ್ರವೇಶಿಸಿದಾಗ ಆಡಬೇಕಾದವನ ರಾಜನಿಗೆ ಚೆಕ್ ಇದ್ದರೆ ಆಳಕ್ಕೆ ಒಂದು ಕೂಡಿಸಿ. ಈ ಕೂಡಿಸುವ ಕೆಲಸ, ‘ಆಳ ಸೊನ್ನೆಯಾಯಿತೇ, ಕ್ವೈಸೆನ್ಸ್‌ಗೆ ಹೋಗೋಣವೇ’ ಎಂದು ಕೇಳುವ ಸಾಲಿಗಿಂತ ಮೊದಲು ನಡೆಯಬೇಕು. ಕ್ರಮ ಹಿಂದುಮುಂದಾದರೆ ಕೊನೆಯ ಚೆಕ್‌ಗೆ ವಿಸ್ತರಣೆ ಸಿಗುವುದಿಲ್ಲ, ಮೇಟ್ ಇರುವುದು ಬಹುಪಾಲು ಅಲ್ಲೇ.

ಪರೀಕ್ಷೆಗೆ ಒಂದು ಸ್ಥಿತಿ ಕೊಡುತ್ತೇನೆ. ಬಿಳಿ: ರಾಜ ಜಿ1, ಮಂತ್ರಿ ಸಿ4, ಕುದುರೆ ಜಿ5, ಕಾಲಾಳುಗಳು ಎಫ್2, ಜಿ2, ಎಚ್2. ಕಪ್ಪು: ರಾಜ ಎಚ್8, ಆನೆ ಡಿ8, ಕಾಲಾಳುಗಳು ಎ7, ಬಿ7, ಜಿ7, ಎಚ್7. ಬಿಳಿಯ ಸರದಿ.

ಕುದುರೆ ಎಫ್7ಕ್ಕೆ ಹಾರಿ ಚೆಕ್. ರಾಜನಿಗೆ ಜಿ8 ಬಿಟ್ಟರೆ ಜಾಗವಿಲ್ಲ. ಕುದುರೆ ಎಚ್6ಕ್ಕೆ ಹಾರುತ್ತದೆ. ಹಿಂದಿನಿಂದ ಮಂತ್ರಿಯ ದಾರಿಯೂ ತೆರೆದು ಒಮ್ಮೆಗೇ ಎರಡು ಚೆಕ್. ರಾಜ ಎಫ್8ಕ್ಕೆ ಹೋದರೆ ಮಂತ್ರಿ ಎಫ್7ರಲ್ಲಿ ಮೇಟ್, ಆದ್ದರಿಂದ ಎಚ್8ಕ್ಕೆ ಮರಳುತ್ತಾನೆ. ಈಗ ಮಂತ್ರಿ ಜಿ8ಕ್ಕೆ ನುಗ್ಗಿ ತನ್ನನ್ನೇ ಬಲಿ ಕೊಡುತ್ತದೆ. ಕುದುರೆಯ ಕಾವಲಿರುವುದರಿಂದ ರಾಜ ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಕೊನೆಗೆ ಕುದುರೆ ಮತ್ತೆ ಎಫ್7ಕ್ಕೆ. ತನ್ನದೇ ಆನೆ, ಕಾಲಾಳುಗಳ ನಡುವೆ ಉಸಿರುಗಟ್ಟಿದ ರಾಜ, ಮೇಟ್. ಶತಮಾನಗಳಷ್ಟು ಹಳೆಯ ತಂತ್ರ, ಪ್ರತಿ ಸಲ ನೋಡಿದಾಗಲೂ ಖುಷಿ ಕೊಡುತ್ತದೆ.

ಒಟ್ಟು ಏಳು ಪ್ಲೈ. ವಿಸ್ತರಣೆ ಇಲ್ಲದ ಎಂಜಿನ್‌ಗೆ ಇದು ಕಾಣುವುದು ಆಳ 7ಕ್ಕೆ, ಅದೂ ಕ್ವೈಸೆನ್ಸ್‌ನಲ್ಲಿ ಚೆಕ್‌ನಿಂದ ತಪ್ಪಿಸಿಕೊಳ್ಳುವ ನಡೆಗಳನ್ನು ನೋಡುತ್ತಿದ್ದರೆ. ಆರು ಪ್ಲೈ ನೋಡುವ ಎಂಜಿನ್ ನಾಲ್ಕು ನಡೆಯ ಮೇಟನ್ನು ಕಾಣದಿರುವುದೇಕೆ ಎಂಬ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ.

ವಿಸ್ತರಣೆ ಸೇರಿಸಿ ಆಳ 4 ಕೊಟ್ಟು ನೋಡಿ. ಚೆಕ್ ಕೊಟ್ಟ ಪ್ರತಿ ನಡೆಗೂ ಒಂದು ಕಳೆದು ಒಂದು ಕೂಡುತ್ತದೆ, ಅಂದರೆ ಖರ್ಚು ಸೊನ್ನೆ. ಕಪ್ಪಿನ ಉತ್ತರಗಳಿಗೆ ಮಾತ್ರ ಬಜೆಟ್ ಇಳಿಯುತ್ತದೆ. ಮೊದಲ ಚೆಕ್ ಆದ ಮೇಲೂ 4. ರಾಜ ಓಡಿದ ಮೇಲೆ 3. ಜೋಡಿ ಚೆಕ್ ಆದ ಮೇಲೂ 3. ಎಚ್8ಕ್ಕೆ ಮರಳಿದಾಗ 2. ಮಂತ್ರಿ ಬಲಿಯಾಗುವಾಗಲೂ 2. ಆನೆ ಹೊಡೆದ ಮೇಲೆ 1. ಆ ಕೊನೆಯ ಒಂದು ಪ್ಲೈನಲ್ಲಿ ಕುದುರೆ ಎಫ್7ಕ್ಕೆ ಹಾರುತ್ತದೆ, ಆಳ ಸೊನ್ನೆಗಿಳಿಯುವಷ್ಟರಲ್ಲಿ ಚೆಕ್ ಕಂಡು ಮತ್ತೆ 1 ಆಗುತ್ತದೆ, ಆಡಲು ನಡೆಯಿಲ್ಲ, ಮೇಟ್ ಘೋಷಣೆ. ನಿಮ್ಮ ಎಂಜಿನ್ ಆಳ 4, ಸೆಲ್‌ಡೆಪ್ತ್ ಕನಿಷ್ಠ 7 ಎಂದು ತೋರಿಸಬೇಕು. ಆಳ 5ರಲ್ಲಿ ಮೇಟ್ ಕಂಡರೆ ಎಲ್ಲೋ ಒಂದು ಚೆಕ್‌ಗೆ ವಿಸ್ತರಣೆ ಸಿಕ್ಕಿಲ್ಲ ಎಂದು ಅರ್ಥ. ಮೇಲೆ ಹೇಳಿದ ಕ್ರಮವನ್ನು ಮೊದಲು ಪರಿಶೀಲಿಸಿ.

ಇಷ್ಟು ಧಾರಾಳ ಹೇಗೆ ಸಾಧ್ಯವಾಯಿತು? ಚೆಕ್‌ನಲ್ಲಿರುವ ರಾಜನಿಗೆ 35 ನಡೆಗಳಿರುವುದಿಲ್ಲ. ಒಂದು, ಎರಡು, ಹೆಚ್ಚೆಂದರೆ ಕೆಲವು. ಅಂಥ ನೋಡ್‌ನಲ್ಲಿ ಒಂದು ಪ್ಲೈ ಹೆಚ್ಚಿಸಿದರೆ ಬೀಳುವ ಹೊರೆ ಕಡಿಮೆ. ಹಾಗಾಗಿಯೇ ಎಲ್ಲ ವಿಸ್ತರಣೆಗಳಲ್ಲಿ ಇದು ಅತ್ಯಂತ ಅಗ್ಗ, ಹೊಸ ಎಂಜಿನ್‌ಗೆ ಮೊದಲು ಸೇರಿಸಬೇಕಾದದ್ದೂ ಇದೇ.

ಮೇಟ್‌ಗಳು ಕಾಣಲು ಶುರುವಾದ ಕೂಡಲೇ ಇನ್ನೊಂದು ಹಳೆಯ ತಪ್ಪು ಹೊರಬರುತ್ತದೆ. ಮೇಟ್ ಅಂಕವನ್ನು ಟೇಬಲ್‌ಗೆ ಹಾಕುವಾಗ ‘ಶೋಧದ ಬೇರಿನಿಂದ (ಈಗ ಬೋರ್ಡಿನ ಮೇಲಿರುವ ಸ್ಥಿತಿಯಿಂದ) ಇಷ್ಟು ಪ್ಲೈ ದೂರ’ ಎಂಬುದನ್ನು ‘ಈ ನೋಡ್‌ನಿಂದ ಇಷ್ಟು ದೂರ’ ಎಂದು ಬದಲಿಸಿ ಹಾಕಬೇಕು, ತೆಗೆಯುವಾಗ ತಿರುಗಿಸಬೇಕು. ಹಾಗೆ ಮಾಡದಿದ್ದರೆ ಎಂಜಿನ್ ಎರಡು ನಡೆಯ ಮೇಟನ್ನು ಪ್ರತಿ ಸರದಿಯಲ್ಲೂ ಘೋಷಿಸುತ್ತ, ಎಂದೂ ಮೇಟ್ ಕೊಡದೆ, ಐವತ್ತು ನಡೆಗಳ ನಿಯಮದಲ್ಲಿ ಡ್ರಾ ಮಾಡಿಕೊಳ್ಳುತ್ತದೆ.

ಹಂತ 5: ಕಡಿವಾಣ

ಎರಡನೆಯ ಪ್ರಶ್ನೆಗೆ ಬಂದೆವು: ಎಂಜಿನ್ ಕೂತುಬಿಟ್ಟಿದೆ.

ತೆರೆದ ಬೋರ್ಡಿನಲ್ಲಿ ಒಂದು ಮಂತ್ರಿ ರಾಜನನ್ನು ಅಟ್ಟಿಸಿಕೊಂಡು ಹೋಗುವುದನ್ನು ಕಲ್ಪಿಸಿಕೊಳ್ಳಿ. ಚೆಕ್‌ಗಳಿಗೆ ಖರ್ಚಿಲ್ಲವಾದ್ದರಿಂದ ಆಳ ಅರ್ಧ ವೇಗದಲ್ಲಿ ಮಾತ್ರ ಇಳಿಯುತ್ತದೆ. 10 ಕೊಟ್ಟರೆ 20 ಪ್ಲೈವರೆಗೆ ಬೆಳೆದ ಕೊಂಬೆಗಳು ಸಾವಿರಗಟ್ಟಲೆ. ಅದರ ಮೇಲೆ ತಪ್ಪಿಸಿಕೊಳ್ಳುವ ನಡೆಗಳಿಗೂ ಬೇರೆ ಯಾವುದೋ ನೆಪದಲ್ಲಿ ವಿಸ್ತರಣೆ ಕೊಟ್ಟಿದ್ದರೆ ಆಳ ಇಳಿಯುವುದೇ ಇಲ್ಲ. ಸೆಲ್‌ಡೆಪ್ತ್ ಒಂದೇ ಸಮನೆ ಏರುತ್ತಿದ್ದು, ಆಳ ಅಲ್ಲೇ ನಿಂತಿದ್ದರೆ ಆಗಿರುವುದು ಇದೇ.

ಈ ನಾಲ್ಕು ಕಡಿವಾಣಗಳನ್ನು ಹಾಕಿ.

ಒಂದು: ಒಂದೇ ನೋಡ್‌ನಲ್ಲಿ ಎಷ್ಟೇ ಕಾರಣಗಳಿದ್ದರೂ ಒಟ್ಟು ವಿಸ್ತರಣೆ ಒಂದು ಪ್ಲೈ ಮೀರದಿರಲಿ.

ಎರಡು: ಬೇರಿನಿಂದ ಎಣಿಸಿದ ಪ್ಲೈ, ಈ ಸುತ್ತಿಗೆ ಕೊಟ್ಟ ಆಳದ ಎರಡರಷ್ಟನ್ನು ದಾಟಿದ ಮೇಲೆ ವಿಸ್ತರಣೆ ನಿಲ್ಲಿಸಿ. ಎರಡು ಪಟ್ಟು ಎನ್ನುವುದು ಶಾಸ್ತ್ರವಲ್ಲ, ಶುರುಮಾಡಲು ಒಳ್ಳೆಯ ಅಂಕಿ.

ಮೂರು: ಮರುಕಳಿಸಿದ ಸ್ಥಿತಿಯ ಪರೀಕ್ಷೆ ವಿಸ್ತರಣೆಗಿಂತ ಮೊದಲೇ ನಡೆಯಲಿ, ನಿರಂತರ ಚೆಕ್‌ನ ಸುಳಿ ಅಲ್ಲಿಗೇ ಮುಗಿಯಲಿ.

ನಾಲ್ಕು: ಪ್ಲೈ ಆಧಾರದ ಅರೇಗಳಿಗೆ ಗಟ್ಟಿ ಮೇಲ್ಮಿತಿ ಇರಲಿ. 64 ಎಂದು ಬರೆದಿಟ್ಟ ಅರೇಯೊಳಗೆ 65ನೆಯ ಪ್ಲೈ ನುಗ್ಗಿ ಪಕ್ಕದ ನೆನಪನ್ನು ತುಳಿದಾಗ ಎಂಜಿನ್ ಕುಸಿದರೆ ಅದೃಷ್ಟ. ಕುಸಿಯದೆ ತಪ್ಪು ನಡೆ ಆಡುತ್ತ ಹೋದರೆ ವಾರಗಟ್ಟಲೆ ಪತ್ತೆಯಾಗುವುದಿಲ್ಲ.

ಇದಕ್ಕಿಂತ ನಯವಾದ ದಾರಿಯೂ ಇದೆ. ಒಂದು ಪ್ಲೈಯನ್ನು 16 ಚೂರು ಎಂದು ಲೆಕ್ಕ ಹಾಕಿ, ಚೆಕ್‌ಗೆ 12 ಚೂರು, ಮತ್ತೊಂದಕ್ಕೆ 6 ಚೂರು ಎಂದು ಕೊಡುತ್ತ ಬಂದು, ಕೂಡಿ ಪೂರ್ತಿ ಪ್ಲೈ ಆದಾಗ ಮಾತ್ರ ಆಳ ಹೆಚ್ಚಿಸುವುದು. 1997ರಲ್ಲಿ ಗ್ಯಾರಿ ಕಾಸ್ಪರೋವ್ ಅವರನ್ನು 3.5–2.5ರಿಂದ ಸೋಲಿಸಿದ ಐಬಿಎಂನ ಡೀಪ್ ಬ್ಲೂ ಇದೇ ಜಾತಿಯ, ಇನ್ನೂ ಜಾಣತನದ ಲೆಕ್ಕ ಇಟ್ಟಿತ್ತು: ಎರಡು ಪಕ್ಷಗಳಿಗೂ ಬೇರೆ ಬೇರೆ ಖಾತೆ, ಒತ್ತಾಯದ ನಡೆ ಬಂದಾಗ ಆ ಖಾತೆಗೆ ಜಮೆ, ಜಮೆ ಮಿತಿ ಮುಟ್ಟಿದ ಮೇಲಷ್ಟೇ ಹೆಚ್ಚುವರಿ ಆಳಕ್ಕೆ ಖರ್ಚು. ಒಂಟಿ ಚೆಕ್ ಒಂದಕ್ಕೆ ಏನೂ ಸಿಗುವುದಿಲ್ಲ; ಸರಣಿಯಾಗಿ ಬಂದರೆ ಸಿಗುತ್ತದೆ. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡಬಲ್ಲ ಯಂತ್ರವೂ ವಿಸ್ತರಣೆಯಲ್ಲಿ ಇಷ್ಟು ಜಿಪುಣತನ ಮಾಡಿತ್ತು ಎನ್ನುವುದನ್ನು, ಲ್ಯಾಪ್‌ಟಾಪ್‌ನಲ್ಲಿ ಉದಾರವಾಗಿರುವ ನಾವು ಗಮನಿಸಬೇಕು.

ಹಂತ 6: ಸಣ್ಣಪುಟ್ಟವು

ಮರುಹೊಡೆತದ ವಿಸ್ತರಣೆ: ಎದುರಾಳಿ ಈಗತಾನೇ ಹೊಡೆದ ಮನೆಯಲ್ಲೇ ನೀವು ತಿರುಗಿ ಹೊಡೆದರೆ ಆಳ ಹೆಚ್ಚಿಸುವುದು. ಕ್ವೈಸೆನ್ಸ್ ಚೆನ್ನಾಗಿದ್ದರೆ ಇದರಿಂದ ಸಿಗುವ ಲಾಭ ಅತ್ಯಲ್ಪ. ನಾನು ಸೇರಿಸುವುದಿಲ್ಲ.

ಒಂದೇ ಉತ್ತರದ ವಿಸ್ತರಣೆ: ಆಡಲು ಕಾನೂನುಬದ್ಧ ನಡೆ ಒಂದೇ ಇದ್ದರೆ ಆಳ ಹೆಚ್ಚಿಸುವುದು. ಚೆಕ್ ವಿಸ್ತರಣೆಯ ಜೊತೆಗೆ ಕೂಡಿಸಬೇಡಿ. ನಮ್ಮ ಉಸಿರುಗಟ್ಟುವ ಮೇಟ್‌ನಲ್ಲಿ ಕುದುರೆ ಮೊದಲ ಸಲ ಎಫ್7ಕ್ಕೆ ಬಂದಾಗ ಎರಡೂ ಒಟ್ಟಿಗೆ ಅನ್ವಯಿಸಿ ಆಳ ಇಳಿಯುವ ಬದಲು ಏರುತ್ತದೆ.

ಮುನ್ನುಗ್ಗಿದ ಕಾಲಾಳಿನ ವಿಸ್ತರಣೆ: ಕಾಲಾಳು ಏಳನೆಯ ಸಾಲು ಮುಟ್ಟಿದರೆ ಒಂದು ಪ್ಲೈ. ಕಾಯಿಗಳು ಕಡಿಮೆಯಾದ ಅಂತಿಮ ಘಟ್ಟದಲ್ಲಿ ಉಪಯೋಗಕ್ಕೆ ಬರುತ್ತದೆ, ಮಧ್ಯದ ಆಟದಲ್ಲಿ ಅಷ್ಟಕ್ಕಷ್ಟೇ.

ಹಂತ 7: ಏಕೈಕ ನಡೆಯ ವಿಸ್ತರಣೆ

ಚೆಕ್, ಹೊಡೆತ, ಕಾಲಾಳು ಇವೆಲ್ಲ ಹೊರಗಿನ ಗುರುತುಗಳು. ಆದರೆ ಚೆಕ್ ಅಲ್ಲದ, ಹೊಡೆತವೂ ಅಲ್ಲದ ಒಂದು ಮೌನದ ನಡೆಯೇ ಒಮ್ಮೊಮ್ಮೆ ಸ್ಥಿತಿಯನ್ನು ಹಿಡಿದು ನಿಲ್ಲಿಸಿರುತ್ತದೆ. ಉಳಿದ ಯಾವ ನಡೆ ಆಡಿದರೂ ಸೋಲು. ಅದನ್ನು ಗುರುತಿಸುವುದು ಹೇಗೆ? ಥಾಮಸ್ ಅನಂತರಾಮನ್, ಮುರ್ರೆ ಕ್ಯಾಂಬೆಲ್, ಫೆಂಗ್-ಶಿಯುಂಗ್ ಶು 1980ರ ದಶಕದ ಕೊನೆಯಲ್ಲಿ ಚಿಪ್‌ಟೆಸ್ಟ್, ಡೀಪ್ ಥಾಟ್ ಯಂತ್ರಗಳಿಗಾಗಿ ಕೊಟ್ಟ ಉತ್ತರ ಸರಳ: ಶೋಧವನ್ನೇ ಕೇಳಿ. ಒಂದು ನಡೆ ಉಳಿದೆಲ್ಲವುಗಳಿಗಿಂತ ಸಾಕಷ್ಟು ಅಂತರದಿಂದ ಉತ್ತಮವಾಗಿದ್ದರೆ ಅದು ಏಕೈಕ ನಡೆ. ಅದಕ್ಕೆ ಆಳ ಹೆಚ್ಚಿಸಿ.

ಅವರ ಮೂಲ ವಿಧಾನ ದುಬಾರಿ. ಇಂದಿನ ಎಂಜಿನ್‌ಗಳು, ಸ್ಟಾಕ್‌ಫಿಶ್ ಸೇರಿದಂತೆ, ಟ್ರಾನ್ಸ್‌ಪೊಸಿಷನ್ ಟೇಬಲ್ ಬಳಸಿ ಅದನ್ನು ಅಗ್ಗ ಮಾಡಿಕೊಂಡಿವೆ. ಕ್ರಮ ಇಷ್ಟು.

ಆಳ 8 ಅಥವಾ ಹೆಚ್ಚು ಉಳಿದಿರಬೇಕು, ನೋಡ್ ಬೇರು ಆಗಿರಬಾರದು. ಟೇಬಲ್‌ನಲ್ಲಿ ಈ ಸ್ಥಿತಿಗೆ ಒಂದು ನಡೆ ದಾಖಲಾಗಿರಬೇಕು, ಆ ದಾಖಲೆಯ ಆಳ ಈಗಿನ ಆಳಕ್ಕಿಂತ ಮೂರಕ್ಕೂ ಹೆಚ್ಚು ಕಡಿಮೆ ಇರಬಾರದು, ಅದರ ಅಂಕ ‘ಕನಿಷ್ಠ ಇಷ್ಟು’ ಎಂಬ ಬಗೆಯದೋ ನಿಖರವೋ ಆಗಿರಬೇಕು, ಮೇಟ್ ಅಂಕ ಆಗಿರಬಾರದು. ಇಷ್ಟೂ ಇದ್ದರೆ ಆ ನಡೆಯನ್ನು ಪಕ್ಕಕ್ಕಿಟ್ಟು, ಉಳಿದ ನಡೆಗಳನ್ನು ಸುಮಾರು ಅರ್ಧ ಆಳಕ್ಕೆ ನೋಡಿ. ಕೇಳುವ ಪ್ರಶ್ನೆ: ಇವುಗಳಲ್ಲಿ ಯಾವುದಾದರೂ, ಟೇಬಲ್ ಅಂಕದಿಂದ ಒಂದಿಷ್ಟು ಕಳೆದ ಮಟ್ಟವನ್ನು ಮುಟ್ಟುತ್ತದೆಯೇ?

ಅಂಕಿಗಳಲ್ಲಿ ಹೇಳುವುದಾದರೆ: ಆಳ 10, ಟೇಬಲ್ ಅಂಕ 85. ಕಾಲಾಳಿನ ನೂರನೆಯ ಒಂದು ಭಾಗವೇ ಇಲ್ಲಿನ ಅಳತೆ, ಅದಕ್ಕೆ ಸೆಂಟಿಪಾನ್ ಎನ್ನುತ್ತಾರೆ. ಆಳದ ಎರಡರಷ್ಟು, ಅಂದರೆ 20 ಕಳೆಯಿರಿ, 65. ಉಳಿದ ನಡೆಗಳನ್ನು ಆಳ 5ಕ್ಕೆ ನೋಡಿ. ಯಾವುದೂ 65 ಮುಟ್ಟದಿದ್ದರೆ ಪಕ್ಕಕ್ಕಿಟ್ಟ ನಡೆ ಏಕೈಕ, ಅದಕ್ಕೊಂದು ಪ್ಲೈ ಹೆಚ್ಚು. ಯಾವುದೋ ಒಂದು ಮುಟ್ಟಿದರೆ ವಿಸ್ತರಣೆ ಇಲ್ಲ. ಮುಟ್ಟಿದ್ದಲ್ಲದೆ ಆ 65ರ ಮಟ್ಟವೇ ಬೀಟಾಗಿಂತ ಕಡಿಮೆ ಇಲ್ಲದಿದ್ದರೆ, ಈ ಸ್ಥಿತಿಯಲ್ಲಿ ಒಳ್ಳೆಯ ನಡೆ ಒಂದಲ್ಲ ಎರಡಿವೆ ಎಂದಾಯಿತು. ಇಡೀ ನೋಡನ್ನು ಅಲ್ಲೇ ಮುಗಿಸಿ ಹಿಂದಿರುಗಬಹುದು. ಇದನ್ನು ಮಲ್ಟಿ-ಕಟ್ ಎನ್ನುತ್ತಾರೆ. ಏಕೈಕತೆಯ ಪರೀಕ್ಷೆಗೆ ಮಾಡಿದ ಖರ್ಚಿನಲ್ಲಿ ಒಂದು ಭಾಗ ಹೀಗೆ ವಾಪಸ್ಸು ಬರುತ್ತದೆ.

ಬರೆಯುವುದು ಮೂವತ್ತು ಸಾಲು. ತಪ್ಪುಗಳಿಗೆ ಜಾಗ ಮುನ್ನೂರು ಸಾಲಿನಷ್ಟು. ಒಂದು ನಡೆಯನ್ನು ಪಕ್ಕಕ್ಕಿಟ್ಟು ಮಾಡುವ ಶೋಧ ಅದೇ ಸ್ಥಿತಿಯಲ್ಲೇ ನಡೆಯುತ್ತದೆ, ಆದ್ದರಿಂದ ಟೇಬಲ್‌ನ ಕೀಲಿಯೂ ಅದೇ. ಅಲ್ಲಿ ಟೇಬಲ್ ಓದಿದಿರೋ, ಪಕ್ಕಕ್ಕಿಟ್ಟ ನಡೆಯ 85 ಅಂಕವೇ ತಕ್ಷಣ ಸಿಕ್ಕಿ, 65 ದಾಟಿತೆಂದು ಶೋಧ ಮುಗಿದುಹೋಗುತ್ತದೆ. ಏಕೈಕ ನಡೆ ಎಂದೂ ಸಿಗುವುದೇ ಇಲ್ಲ. ಅಲ್ಲಿ ಟೇಬಲ್‌ಗೆ ಬರೆದಿರೋ, ಒಳ್ಳೆಯ ನಡೆಯ ದಾಖಲೆಯನ್ನು ಎರಡನೆಯ ದರ್ಜೆಯ ನಡೆ ಅಳಿಸಿಹಾಕುತ್ತದೆ. ಈ ಮೊದಲನೆಯ ತಪ್ಪನ್ನು ನಾನೇ ಮಾಡಿ, ‘ಏಕೈಕ ವಿಸ್ತರಣೆಯಿಂದ ಏನೂ ಪ್ರಯೋಜನವಿಲ್ಲ’ ಎಂದು ಒಂದು ತಿಂಗಳು ಹೇಳಿಕೊಂಡು ತಿರುಗಿದ್ದೆ. ಎಷ್ಟು ಬಾರಿ ಪರೀಕ್ಷೆ ನಡೆಯಿತು, ಎಷ್ಟು ಬಾರಿ ವಿಸ್ತರಣೆ ಸಿಕ್ಕಿತು ಎಂದು ಎಣಿಸುವ ಎರಡು ಕೌಂಟರ್ ಇಟ್ಟಿದ್ದರೆ ಎರಡನೆಯದು ಸೊನ್ನೆಯಲ್ಲೇ ನಿಂತಿರುವುದು ಮೊದಲ ದಿನವೇ ಕಾಣುತ್ತಿತ್ತು. ನೀವು ಇಡಿ.

ಮತ್ತೆರಡು ಮಾತು. ಪಕ್ಕಕ್ಕಿಟ್ಟ ನಡೆಯ ಹೊರತು ಬೇರೆ ನಡೆಯೇ ಇಲ್ಲದಿದ್ದರೆ ಅದು ಮೇಟೂ ಅಲ್ಲ, ಸ್ಟೇಲ್‌ಮೇಟೂ ಅಲ್ಲ, ಆಲ್ಫಾ, ಅಂದರೆ ಈ ಶೋಧದ ಕೆಳಗಿನ ಗಡಿಯ ಅಂಕ, ಹಿಂದಿರುಗಿಸಿ. ಆಗ ಆ ನಡೆ ತಾನಾಗಿ ಏಕೈಕ ಎನಿಸಿಕೊಳ್ಳುತ್ತದೆ, ಈ ಆಳದಲ್ಲಿ ಹಂತ 6ರ ಒಂದೇ ಉತ್ತರದ ವಿಸ್ತರಣೆ ಬಿಟ್ಟಿಯಾಗಿ ಸಿಕ್ಕಿದ ಹಾಗಾಯಿತು. ಹಾಗೆಯೇ ಈ ಒಳಶೋಧದ ಮೊದಲ ನೋಡ್‌ನಲ್ಲಿ ನಲ್-ಮೂವ್ ಬೇಡ. ನಲ್-ಮೂವ್ ಎಂದರೆ ಸರದಿ ಬಿಟ್ಟುಕೊಟ್ಟರೂ ಸ್ಥಿತಿ ಚೆನ್ನಾಗಿದೆಯೇ ಎಂದು ನೋಡಿ ಕೊಂಬೆ ಕತ್ತರಿಸುವ ಉಪಾಯ. ನಾವಿಲ್ಲಿ ಕೇಳುತ್ತಿರುವುದು ಇತರ ನಡೆಗಳ ಬಗ್ಗೆ, ಸುಮ್ಮನಿರುವುದರ ಬಗ್ಗೆ ಅಲ್ಲ.

ಹಂತ 8: ಕಡಿತಗಳ ಜೊತೆ ಹೊಂದಾಣಿಕೆ

ಇಂದಿನ ಎಂಜಿನ್‌ಗಳ ಆಳ ಬಂದಿರುವುದು ವಿಸ್ತರಣೆಯಿಂದ ಅಲ್ಲ, ಕಡಿತದಿಂದ. ಪಟ್ಟಿಯ ಕೊನೆಯ ನಡೆಗಳನ್ನು ಕಡಿಮೆ ಆಳಕ್ಕೆ ನೋಡಿ, ಆಶ್ಚರ್ಯ ಹುಟ್ಟಿಸಿದರೆ ಮಾತ್ರ ಪೂರ್ತಿ ಆಳಕ್ಕೆ ಮತ್ತೆ ನೋಡುವ ವಿಧಾನಕ್ಕೆ ಎಲ್‌ಎಂಆರ್ ಎನ್ನುತ್ತಾರೆ. ಹತ್ತು ನಡೆಗಳಿಗೆ ಮೂರು ಪ್ಲೈ ಕಡಿತ ಮಾಡಿ ಒಂದನ್ನು ಹಾಗೇ ಬಿಟ್ಟರೆ, ಆ ಒಂದಕ್ಕೆ ಸಾಪೇಕ್ಷವಾಗಿ ಮೂರು ಪ್ಲೈ ವಿಸ್ತರಣೆ ಸಿಕ್ಕಂತೆಯೇ. ಆದ್ದರಿಂದ ಎಲ್‌ಎಂಆರ್ ಇರುವ ಎಂಜಿನ್‌ನಲ್ಲಿ ಚೆಕ್ ಕೊಡುವ ನಡೆಗಳಿಗೆ ಕಡಿತವನ್ನು ಕಡಿಮೆ ಮಾಡುವುದೇ ಎಷ್ಟೋ ಸಲ ಸಾಕು. ಬಲಿಷ್ಠ ಎಂಜಿನ್‌ಗಳಲ್ಲಿ ಕೆಲವು ಚೆಕ್ ವಿಸ್ತರಣೆಯನ್ನು ಪರೀಕ್ಷಿಸಿ ತೆಗೆದೇ ಹಾಕಿವೆ, ಏಕೈಕ ವಿಸ್ತರಣೆಯನ್ನು ಮಾತ್ರ ಉಳಿಸಿಕೊಂಡಿವೆ. ನಿಮ್ಮ ಎಂಜಿನ್‌ನಲ್ಲಿ ಎಲ್‌ಎಂಆರ್ ಇನ್ನೂ ಇಲ್ಲವೆಂದರೆ ಹಂತ 7ಕ್ಕಿಂತ ಮೊದಲು ಅದನ್ನು ಬರೆಯಿರಿ. ಲಾಭ ಅಲ್ಲೇ ಹೆಚ್ಚು.

ಒಂದೇ ನಡೆಗೆ ಒಂದು ಕೈಯಲ್ಲಿ ವಿಸ್ತರಣೆ ಕೊಟ್ಟು ಇನ್ನೊಂದು ಕೈಯಲ್ಲಿ ಕಡಿತ ಮಾಡುವ ಕೋಡ್ ಬಹಳ ಸಾಮಾನ್ಯ. ವಿಸ್ತರಣೆ ಸಿಕ್ಕ ನಡೆಗೆ ಕಡಿತ ಅನ್ವಯಿಸುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ಹಂತ 9: ಪರೀಕ್ಷೆ

ಎಲ್ಲರೂ ಮೋಸಹೋಗುವುದು ಇಲ್ಲಿ. ವಿಸ್ತರಣೆ ಸೇರಿಸಿ, ಹಳೆಯ ಮತ್ತು ಹೊಸ ಎಂಜಿನ್ ಎರಡಕ್ಕೂ ಆಳ 8 ಕೊಟ್ಟು ಆಡಿಸುತ್ತಾರೆ. ಹೊಸದು ಗೆಲ್ಲುತ್ತದೆ. ಗೆಲ್ಲದೆ ಏನು ಮಾಡೀತು? ಅದು ಅದೇ ಆಳದ ಹೆಸರಿನಲ್ಲಿ ಎಷ್ಟೋ ಪಟ್ಟು ಹೆಚ್ಚು ನೋಡ್ ನೋಡಿದೆ. ಸಾಲದ ದುಡ್ಡಿನಲ್ಲಿ ಮಾಡಿದ ಮದುವೆಯ ವೈಭವ ಇದು. ಹೋಲಿಕೆ ಯಾವಾಗಲೂ ಸಮಾನ ಸಮಯದಲ್ಲಿ ನಡೆಯಲಿ. ಪ್ರತಿ ಆಟಕ್ಕೆ 10 ಸೆಕೆಂಡ್, ನಡೆಗೊಂದು 0.1 ಸೆಕೆಂಡ್ ಹೆಚ್ಚುವರಿ ಎಂಬ ಗಡಿಯಾರ ಸಾಕು.

ತಂತ್ರಗಾರಿಕೆಯ ಒಗಟುಗಳ ಗುಚ್ಛಗಳನ್ನೂ ನಂಬಿ ಕೂರಬೇಡಿ. 1982ರ ಬ್ರಾಟ್ಕೊ-ಕೊಪೆಕ್ ಪರೀಕ್ಷೆಯಲ್ಲಿ 24 ಸ್ಥಿತಿಗಳಿವೆ. ಅದರ ವಿನ್ಯಾಸಕರು ಅರ್ಧದಷ್ಟನ್ನು ತಂತ್ರಕ್ಕೂ ಉಳಿದರ್ಧವನ್ನು ಕಾಲಾಳುಗಳ ರಚನೆಯ ಅರಿವಿಗೂ ಮೀಸಲಿಟ್ಟಿದ್ದರು. ಆ ಎಚ್ಚರ ಇಂದಿಗೂ ಬೇಕು. ಕಣ್ಣುಮುಚ್ಚಿ ವಿಸ್ತರಿಸುವ ಎಂಜಿನ್ ಬಲಿದಾನದ ಒಗಟುಗಳನ್ನು ಬೇಗ ಬೇಗ ಬಿಡಿಸಿ, ನಿಜವಾದ ಆಟದಲ್ಲಿ ಸೋಲುತ್ತ ಹೋಗುವುದು ಹೊಸದೇನಲ್ಲ. ಒಗಟಿನಲ್ಲಿ ಬಲಿದಾನ ಇದ್ದೇ ಇರುತ್ತದೆ. ಆಟದ ನೂರು ಸ್ಥಿತಿಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಕಡೆ ಚೆಕ್ ಕೊಟ್ಟರೆ ಏನೂ ಸಿಗುವುದಿಲ್ಲ. ಒಗಟುಗಳನ್ನು ತಪ್ಪು ಹಿಡಿಯಲು ಬಳಸಿ, ಬಲ ಅಳೆಯಲು ಬಳಸಬೇಡಿ.

ಎಷ್ಟು ಆಟ ಬೇಕು? ನೂರು ಆಟಗಳ ಫಲಿತಾಂಶದಲ್ಲಿ ಆಚೀಚೆ ಐವತ್ತಕ್ಕೂ ಹೆಚ್ಚು ಎಲೊ (ಆಟದ ಬಲ ಅಳೆಯುವ ಮಾಪನ) ಅಂಕಗಳ ಅನಿಶ್ಚಿತತೆ ಇರುತ್ತದೆ. ಸಾವಿರ ಆಟಗಳಲ್ಲೂ ಅದು ಹದಿನೈದು-ಇಪ್ಪತ್ತರ ಆಸುಪಾಸು. ಒಂದು ವಿಸ್ತರಣೆಯಿಂದ ಸಿಗುವ ಲಾಭವೇ ಅಷ್ಟಿರುವುದಿಲ್ಲ. ಆದ್ದರಿಂದ ಆಟಗಳ ಸಂಖ್ಯೆಯನ್ನು ಮೊದಲೇ ನಿಗದಿ ಮಾಡದೆ, ‘ಲಾಭ ಇದೆ’ ಅಥವಾ ‘ಇಲ್ಲ’ ಎಂದು ಖಚಿತವಾಗುವವರೆಗೆ ಆಡಿಸುವ ಎಸ್‌ಪಿಆರ್‌ಟಿ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಬಳಸಿ. ಕ್ಯೂಟ್‌ಚೆಸ್, ಫಾಸ್ಟ್‌ಚೆಸ್‌ನಂಥ ಉಚಿತ ಪ್ರೋಗ್ರಾಂಗಳಲ್ಲಿ ಅದು ಸಿದ್ಧವಾಗಿಯೇ ಇದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆಗೆ ಸಾವಿರಾರು ಆಟ ಮುಗಿದಿರುತ್ತವೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಪರೀಕ್ಷಿಸಿ. ಪರೀಕ್ಷೆಯಲ್ಲಿ ಸೋತ ವಿಸ್ತರಣೆಯ ಕೋಡನ್ನು ಅಳಿಸಿಬಿಡಬೇಡಿ, ಒಂದು ಸ್ವಿಚ್‌ನ ಹಿಂದೆ ಇಟ್ಟುಕೊಳ್ಳಿ. ಎಲ್‌ಎಂಆರ್ ಸೂತ್ರವನ್ನೋ ಮೌಲ್ಯಮಾಪನವನ್ನೋ ಬದಲಿಸಿದ ಮೇಲೆ ಅದೇ ವಿಸ್ತರಣೆ ಗೆದ್ದುಬಿಡುವುದುಂಟು. ಹಿಂದೆ ಗೆದ್ದದ್ದು ಸೋಲುವುದೂ ಉಂಟು.